ಎಐ ಜೊತೆ ಕಥೆ ಆಟ: ಯಾವ ಪ್ರಾಂಪ್ಟ್ ಯಾರಿಗೆ ಹೊಂದುತ್ತದೆ?

ಈ ಬೇಸಿಗೆ ರಜೆಗೆ ಅಕ್ಕನ ಮಗಳು ಹುಬ್ಬಳ್ಳಿಯಿಂದ ಗದಗಕ್ಕೆ ನಮ್ಮ ಮನೆಗೆ ಬಂದಿದ್ದಳು. ಹತ್ತು ವರ್ಷದ ಹುಡುಗಿ. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಬಿಡೋ ಹಾಗಿರಲಿಲ್ಲ. ಇಬ್ಬರೂ ಚಾಪೆ ಹಾಸಿಕೊಂಡು ನನ್ನ ಫೋನಿನಲ್ಲಿ ಎಐ ಜೊತೆ, ಅಂದರೆ ನಾವು ಬರೆದದ್ದಕ್ಕೆ ಉತ್ತರ ಬರೆಯುವ ಕೃತಕ ಬುದ್ಧಿಮತ್ತೆಯ ಜೊತೆ, ಕಥೆ ಆಟ ಶುರು ಮಾಡಿದೆವು. ಅದು ಕಥೆ ಹೇಳಬೇಕು, ನಡುವೆ ನಿಲ್ಲಿಸಿ ಈಗ ಏನು ಮಾಡ್ತೀ ಅಂತ ಕೇಳಬೇಕು, ಇವಳು ಹೇಳಿದ ಕಡೆ ಕಥೆ ತಿರುಗಬೇಕು. ಜಾಗ ಅವಳೇ ಆರಿಸಿದ್ದು, ಗದಗದ ಹತ್ತಿರದ ಲಕ್ಕುಂಡಿಯಲ್ಲಿರುವ ಹಳೆಯ ಮೆಟ್ಟಿಲ ಬಾವಿ, ಮುಸುಕಿನ ಬಾವಿ.

ಮೊದಲ ದಿನ ನಾನು ಬರೆದ ಪ್ರಾಂಪ್ಟ್, ಅಂದರೆ ಎಐಗೆ ಕೊಡುವ ಸೂಚನೆ, ಒಂದೇ ಸಾಲು: "ಲಕ್ಕುಂಡಿಯ ಬಾವಿಯ ಮೇಲೆ ಒಂದು ಸಾಹಸದ ಕಥೆ ಆಟ ಆಡಿಸು." ಐದನೇ ಸರದಿಗೆ ಹುಡುಗಿ ಟೈಪ್ ಮಾಡಿದಳು: "ನಾನು ಬಾವಿಗೆ ಇಳಿಯಲ್ಲ. ಗುಡಿ ಮುಂದೆ ಕೂತಿರೋ ಅಜ್ಜಿ ಹತ್ರ ಹೋಗ್ತೀನಿ." ಎಐ ಏನು ಬರೆಯಿತು ಗೊತ್ತಾ? ಅಜ್ಜಿ ನಕ್ಕಳು, ನೀವು ಧೈರ್ಯ ತಂದುಕೊಂಡು ಬಾವಿಗೆ ಇಳಿದಿರಿ, ಕೆಳಗೆ ಒಂದು ಬಾಗಿಲು ಕಂಡಿತು, ತೆರೆದಿರಿ, ಒಳಗೆ ನಿಧಿ. ಅವಳು ಫೋನನ್ನು ಚಾಪೆಯ ಮೇಲೆ ಬೋರಲು ಹಾಕಿದಳು. "ಮಾಮಾ, ಇದು ನನ್ನ ಮಾತ ಕೇಳವಲ್ದು."

ಆ ಮಾತು ನನ್ನನ್ನು ಬಿಡಲಿಲ್ಲ. ರಜೆ ಮುಗಿಯೋವರೆಗೂ ಬೇರೆ ಬೇರೆ ಥರದ ಪ್ರಾಂಪ್ಟ್ ಬರೆದು ಆಡಿ ನೋಡಿದೆವು. ಕಥೆಯನ್ನು ಚೆಂದ ಮಾಡುವುದಕ್ಕಿಂತ, ಹೇಳುವವನಿಗೆ ಎಲ್ಲಿ ನಿಲ್ಲಬೇಕು ಅಂತ ಕಲಿಸುವುದೇ ಇಲ್ಲಿ ದೊಡ್ಡ ಕೆಲಸ ಅಂತ ನನಗೆ ಅನಿಸಿದೆ. ಮುಂದೆ ಹೇಳುವ ಹೋಲಿಕೆಯನ್ನೆಲ್ಲ ಆ ಒಂದು ಕಣ್ಣಿನಿಂದಲೇ ಮಾಡಿದ್ದೇನೆ.

ಮೊದಲು, ಎಐ ಬೇಕೇ ಬೇಕಾ?

ಓದುಗ ನಡೆಸುವ ಕಥೆಗೆ ಎಐ ಬರುವ ಎಷ್ಟೋ ಮೊದಲಿನ ಇತಿಹಾಸ ಇದೆ. 1970ರ ದಶಕದ ನಡುವೆ ಅಮೆರಿಕದ ವಿಲ್ ಕ್ರೌದರ್ ಅನ್ನೋ ಪ್ರೋಗ್ರಾಮರ್ ತಾನು ಅಳೆದು ನಕ್ಷೆ ಮಾಡಿದ್ದ ಕೆಂಟಕಿಯ ಗುಹೆಗಳನ್ನೇ ಕಂಪ್ಯೂಟರ್ ಆಟ ಮಾಡಿದ, ತನ್ನ ಹೆಣ್ಣುಮಕ್ಕಳು ಆಡಲಿ ಅಂತ. 1977ರಲ್ಲಿ ಡಾನ್ ವುಡ್ಸ್ ಅದನ್ನು ಬೆಳೆಸಿದ. ಆ ಆಟಕ್ಕೆ "ದೀಪ ತಗೋ", "ಉತ್ತರಕ್ಕೆ ಹೋಗು" ಅಂಥ ಒಂದೆರಡು ಪದದ ಅಪ್ಪಣೆ ಅಷ್ಟೇ ತಿಳಿಯುತ್ತಿತ್ತು. ಆದರೆ ದೀಪ ಎಲ್ಲಿದೆ ಅಂತ ಅದು ಒಮ್ಮೆಯೂ ಮರೆಯುತ್ತಿರಲಿಲ್ಲ.

ಇವತ್ತಿಗೂ ಹಂಗೇ ಆಡಿಸಬೇಕು ಅನ್ನೋರಿಗೆ ಟ್ವೈನ್ ಇದೆ. 2009ರಲ್ಲಿ ಬಂದ ಉಚಿತ ಸಾಧನ. ಕಥೆಯ ಪ್ರತಿಯೊಂದು ತುಂಡನ್ನೂ ನೀವೇ ಬರೆದು, ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕಬೇಕು. ಶಾಲೆಯಲ್ಲಿ ನಲವತ್ತು ಮಕ್ಕಳಿಗೆ ಒಂದೇ ಕಥೆ ಆಡಿಸಬೇಕು, ಒಂದು ಮಾತೂ ಆಚೀಚೆ ಆಗಬಾರದು ಅಂತಿದ್ದರೆ ಅದನ್ನೇ ಹಿಡಿಯಿರಿ. ಎಐ ಅಲ್ಲಿ ಬೇಡ. ನೀವು ಊಹಿಸದ ಮಾತನ್ನು ಆಡುವವರು ಹೇಳಿದಾಗಲೂ ಕಥೆ ಓಗೊಡಬೇಕು ಅನ್ನೋ ಕಡೆ ಮಾತ್ರ ಎಐ ಬೇಕಾಗುತ್ತದೆ. ಅಜ್ಜಿ ಹತ್ರ ಹೋಗ್ತೀನಿ ಅಂತಾಳೆ ಅಂತ ನಾನು ಕನಸಲ್ಲೂ ಎಣಿಸಿರಲಿಲ್ಲ ಅಲ್ವಾ?

ಒಂದೇ ಸಾಲಿನ ಪ್ರಾಂಪ್ಟ್

ಇದರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬಸ್ಸಿಗೆ ಕಾಯುವಾಗ ಹತ್ತು ನಿಮಿಷ ಕಳೆಯಲು ಸಾಕು. ಎಐ ಕಥೆ ಹೇಳಲು ಕಲಿತಿರುವುದು ಹೆಚ್ಚಾಗಿ ಮುಗಿದ ಕಥೆಗಳನ್ನು ಓದಿ. ಹಾಗಾಗಿ ಬಿಟ್ಟರೆ ಕಥೆ ಮುಗಿಸುವ ಕಡೆಗೇ ಓಡುತ್ತದೆ. ಆಡುವವರ ಪಾಲಿನ ಮಾತನ್ನೂ ತಾನೇ ಆಡಿಬಿಡುತ್ತದೆ.

ಮೂರು ದಾರಿ ಕೊಡುವ ಪ್ರಾಂಪ್ಟ್

"ಪ್ರತಿ ಸಲ ಆರು ಸಾಲು ಕಥೆ ಹೇಳು. ಆಮೇಲೆ 1, 2, 3 ಅಂತ ಮೂರು ದಾರಿ ಕೊಡು. ಉತ್ತರ ಬರೋವರೆಗೆ ನಿಲ್ಲು." ಇಷ್ಟೇ. ಸಣ್ಣ ಮಕ್ಕಳಿಗೆ, ಕನ್ನಡ ಟೈಪ್ ಮಾಡಲು ಕಷ್ಟಪಡುವ ದೊಡ್ಡವರಿಗೆ ಇದು ಒಳ್ಳೆಯದು. ನಮ್ಮ ಅಮ್ಮ ಅಡುಗೆಮನೆಯಿಂದಲೇ "ಎರಡ್ ಅನ್ನು" ಅಂತ ಕೂಗಿ ಆಡಿದ್ದಾರೆ.

ಆದರೆ ನಾಲ್ಕೈದು ಸರದಿ ಆದಮೇಲೆ ಒಂದು ಬೇನೆ ಶುರುವಾಗುತ್ತದೆ. ಮೂರೂ ದಾರಿ ಒಂದೇ ಕಡೆ ಹೋಗುತ್ತವೆ. ಒಳಗೆ ಹೋಗು, ಮೆಲ್ಲಗೆ ಒಳಗೆ ಹೋಗು, ಗೆಳತಿಯನ್ನು ಕರೆದುಕೊಂಡು ಒಳಗೆ ಹೋಗು. ಇದಕ್ಕೆ ಮದ್ದು ಇದೆ. ಮೂರರಲ್ಲಿ ಒಂದು ದಾರಿಗೆ ಏನಾದರೂ ಕಳೆದುಕೊಳ್ಳುವ ಬೆಲೆ ಇರಲಿ, ಒಂದು ದಾರಿ ಯಾರನ್ನಾದರೂ ಮಾತಾಡಿಸುವುದಾಗಿರಲಿ, ಒಂದು ದಾರಿ ಜಾಗ ಬಿಟ್ಟು ಹೋಗುವುದಾಗಿರಲಿ ಅಂತ ಪ್ರಾಂಪ್ಟಿನಲ್ಲಿ ಬರೆಯಿರಿ. ಜೊತೆಗೆ "ನಾಲ್ಕನೆಯದು, ಆಡುವವರು ಹೇಳಿದ್ದು" ಅಂತ ಒಂದು ಬಾಗಿಲು ತೆಗೆದಿಡಿ. ಆ ನಾಲ್ಕನೆಯ ಬಾಗಿಲನ್ನು ಮಗು ಯಾವತ್ತು ಬಳಸಲು ಶುರು ಮಾಡುತ್ತದೋ ಆವತ್ತು ಮುಂದಿನ ಥರಕ್ಕೆ ಹೋಗಬಹುದು.

ಸಾರಥಿ ಪ್ರಾಂಪ್ಟ್: ನಾನು ಆರಿಸಿಕೊಂಡದ್ದು

ನಮ್ಮ ಕಡೆ ದೊಡ್ಡಾಟ ನೋಡಿದವರಿಗೆ ಸಾರಥಿ ಗೊತ್ತು. ಪಾತ್ರಧಾರಿ ರಂಗಕ್ಕೆ ಬಂದ ಕೂಡಲೇ ಬಂದಂಥವರು ತಾವು ಯಾರು, ಯಾವ ಊರು, ಬಂದ ಕಾರಣವೇನು ಅಂತ ಕೇಳುತ್ತಾನೆ. ಕೇಳಿ ಸುಮ್ನೆ ನಿಲ್ಲುತ್ತಾನೆ. ರಾಜನ ಮಾತನ್ನು ಸಾರಥಿ ಆಡುವುದಿಲ್ಲ. ಕಥೆ ಆಟದಲ್ಲಿ ಎಐ ಮಾಡಬೇಕಾದ ಕೆಲಸ ಅದೇ.

ಮೊದಲ ಸಲ ನಾನು ಬರೀ "ನೀನು ಸಾರಥಿ" ಅಂತ ಬರೆದೆ. ಎರಡನೇ ಸಾಲಿಗೇ ಕುದುರೆ ಬಂತು, ರಥ ಬಂತು, ಕುರುಕ್ಷೇತ್ರದ ಧೂಳು ಎದ್ದಿತು. ತಪ್ಪು ನನ್ನದೇ. ಹೆಸರು ಕೊಟ್ಟರೆ ಸಾಲದು, ಆ ಹೆಸರಿನವನು ಮಾಡುವ ಕೆಲಸ ಏನು ಅಂತ ಬಿಡಿಸಿ ಹೇಳಬೇಕು. ಕೊನೆಗೆ ನಿಂತ ಪ್ರಾಂಪ್ಟ್ ಇದು:

"ನೀನು ಕಥೆ ಹೇಳುವವನು. ಆಡುವವಳು ಹತ್ತು ವರ್ಷದ ಹುಡುಗಿ. ಅವಳನ್ನು ನೀನು ಅಂತ ಕರೆ. ಅವಳ ಸುತ್ತ ಕಾಣುವುದು, ಕೇಳಿಸುವುದು, ಬೇರೆಯವರು ಆಡುವ ಮಾತು, ಇಷ್ಟನ್ನು ನೀನು ಹೇಳು. ಅವಳು ಏನು ಮಾಡಿದಳು, ಏನು ಅಂದಳು, ಅವಳಿಗೆ ಏನು ಅನಿಸಿತು, ಇಷ್ಟು ಅವಳ ಪಾಲು. ಒಂದು ಸರದಿಗೆ ಆರು ಸಾಲು. ಏನಾದರೂ ಒಂದು ಬದಲಾದ ಕೂಡಲೇ ನಿಲ್ಲು. ಕಥೆಯ ಕೊನೆಯ ಸಾಲು ಯಾವಾಗಲೂ ಇದೇ: ಈಗ ಏನು ಮಾಡ್ತೀ? ಅವಳು ಬೇಡ ಅಂದರೆ ಅದು ಆಗಲಿಲ್ಲ ಅಂತಲೇ ಕಥೆ ಮುಂದುವರಿಸು. ಅವಳ ಚೀಲದಲ್ಲಿ ಚೀಟಿಯಲ್ಲಿ ಬರೆದ ವಸ್ತು ಮಾತ್ರ ಇವೆ. ಇಲ್ಲದ್ದನ್ನು ಕೇಳಿದರೆ, ಚೀಲಕ್ಕೆ ಕೈ ಹಾಕಿದಾಗ ಅದು ಸಿಗಲಿಲ್ಲ ಅಂತ ಹೇಳು."

ಇದರಲ್ಲಿ ಎರಡು ವಾಕ್ಯಕ್ಕೆ ನಾನು ಬಹಳ ಸಮಯ ಕೊಟ್ಟಿದ್ದೇನೆ. ಒಂದು, "ಏನಾದರೂ ಒಂದು ಬದಲಾದ ಕೂಡಲೇ ನಿಲ್ಲು." ಮೊದಲು "ಆಡುವವಳ ಪರವಾಗಿ ಮಾತಾಡಬೇಡ" ಅಂತ ಬರೆದಿದ್ದೆ. ಅದು ಒಂದೆರಡು ಸರದಿ ನಡೆದು ಮತ್ತೆ ತಪ್ಪುತ್ತಿತ್ತು. ಬೇಡ ಬೇಡ ಅನ್ನುವ ಪಟ್ಟಿಗಿಂತ ಏನು ಮಾಡಬೇಕು ಅಂತ ಹೇಳಿದರೆ ಎಐ ಜಾಸ್ತಿ ಸರಿಯಾಗಿ ನಡೆದುಕೊಳ್ಳುತ್ತದೆ. ಇನ್ನೊಂದು, ಚೀಲದ ವಾಕ್ಯ (ಅದರಲ್ಲಿ ಬರುವ ಚೀಟಿಯ ವಿಷಯ ಕೊನೆಗೆ ಹೇಳುತ್ತೇನೆ). ಎಐಗೆ ಎದುರಿನವರನ್ನು ಖುಷಿಪಡಿಸುವ ಗುಣ ಕಲಿಸಿರುತ್ತಾರೆ. "ನನ್ನ ಹತ್ರ ಮಂತ್ರದ ಕತ್ತಿ ಇದೆ" ಅಂದರೆ ಹೌದು, ಫಳಫಳ ಹೊಳೀತಿದೆ ಅನ್ನುತ್ತದೆ. ಕೇಳಿದ್ದೆಲ್ಲ ಸಿಕ್ಕರೆ ಮಕ್ಕಳಿಗೆ ಆಟ ಬೇಗ ಸಪ್ಪೆಯಾಗುತ್ತದೆ.

ಈ ಪ್ರಾಂಪ್ಟ್ ಹಾಕಿದ ದಿನ ಹುಡುಗಿ ಮತ್ತೆ ಬಾವಿಗೆ ಇಳಿಯಲ್ಲ ಅಂದಳು. ಅಜ್ಜಿ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. "ಬಾ ಕೂಡವ್ವ. ಬಿಸಿಲಾಗ ಎಲ್ಲಿ ಹೊಂಟಿ?" ಕೆಳಗೆ ನೀರಿಗೆ ಏನೋ ಬಿದ್ದ ಸದ್ದಾಯಿತು. ಅಜ್ಜಿ ಆ ಕಡೆ ನೋಡಲಿಲ್ಲ. ಈಗ ಏನು ಮಾಡ್ತೀ? ಅಲ್ಲಿಗೆ ನಿಂತಿತು. ಹುಡುಗಿ ಫೋನ್ ಹಿಡಿದು ಒಂದು ನಿಮಿಷ ಯೋಚನೆ ಮಾಡಿ ಬರೆದಳು: "ಅಜ್ಜಿ ಯಾಕೆ ನೋಡ್ಲಿಲ್ಲ ಅಂತ ಕೇಳ್ತೀನಿ." ಆ ಒಂದು ನಿಮಿಷದ ಯೋಚನೆಗಾಗಿಯೇ ನಾನು ಈ ಥರವನ್ನು ಬೇರೆಲ್ಲದಕ್ಕಿಂತ ಮೇಲೆ ಇಡುತ್ತೇನೆ.

ನಿಯಮ ಮತ್ತು ದಾಳದ ಪ್ರಾಂಪ್ಟ್

ಶಕ್ತಿಗೆ ಅಂಕ, ಗಾಯಕ್ಕೆ ಅಂಕ, ಪ್ರತಿ ಹೊಡೆತಕ್ಕೂ ದಾಳ. ಕಾಲೇಜು ಹುಡುಗರಿಗೆ ಇದು ಇಷ್ಟ. ಎರಡು ಪುಟ ನಿಯಮ ಬರೆದು ಹಾಕುತ್ತಾರೆ. ನನ್ನ ಅನುಭವದಲ್ಲಿ ಪಟ್ಟಿ ಉದ್ದ ಆದಷ್ಟೂ ಕಥೆ ಸೊರಗುತ್ತದೆ, ನಡುವಿನ ನಿಯಮಗಳು ಎಐ ಕೈಯಿಂದ ಜಾರುತ್ತವೆ. ಹತ್ತು ನಿಯಮಕ್ಕಿಂತ ಜಾಸ್ತಿ ಬೇಡ.

ದಾಳವನ್ನು ಮಾತ್ರ ಎಐ ಕೈಗೆ ಕೊಡಲೇಬೇಡಿ. ಸಾಮಾನ್ಯವಾಗಿ ಅದು ನಿಜವಾಗಿ ದಾಳ ಹಾಕುವುದಿಲ್ಲ. ಕಥೆಗೆ ಹೊಂದುವ ಒಂದು ಸಂಖ್ಯೆಯನ್ನು ಬರೆಯುತ್ತದೆ, ಅಷ್ಟೇ. ನಾವು ಚೌಕಾಬಾರದ ನಾಲ್ಕು ಕವಡೆ ತೆಗೆದೆವು. ಒಂದೂ ಅಂಗಾತ ಬೀಳದಿದ್ದರೆ ಅಥವಾ ಒಂದೇ ಬಿದ್ದರೆ ಕೆಲಸ ಆಗಲಿಲ್ಲ. ಎರಡು ಬಿದ್ದರೆ ಆಯಿತು, ಆದರೆ ಏನೋ ಕಳೆಯಿತು. ಮೂರು ನಾಲ್ಕು ಬಿದ್ದರೆ ಚೆನ್ನಾಗಿ ಆಯಿತು. ಕವಡೆ ಹಾಕಿ "ಎರಡು ಬಿತ್ತು" ಅಂತ ಟೈಪ್ ಮಾಡಿದರೆ ಸಾಕು. ಕವಡೆಯಲ್ಲಿ ಎರಡು ಬೀಳುವುದು ಜಾಸ್ತಿ, ನಾಲ್ಕು ಬೀಳುವುದು ಅಪರೂಪ. ಹಾಗಾಗಿ ಬಹಳ ಸಲ ಕೆಲಸ ಆಗುತ್ತದೆ, ಜೊತೆಗೆ ಒಂದು ಪೇಚೂ ಬರುತ್ತದೆ. ಕಥೆಗೆ ಅದಕ್ಕಿಂತ ಒಳ್ಳೆಯ ತೂಕ ಸಿಗಲಿಕ್ಕಿಲ್ಲ. ಮಂದಿ ಜಾಸ್ತಿ ಇದ್ದಾಗ ಈ ಥರ ಆರಿಸಿ. ಯಾರ ಸರದಿ ಅನ್ನೋ ಜಗಳ ಕವಡೆಯಿಂದ ತಪ್ಪುತ್ತದೆ.

ಗುಟ್ಟು ಮೊದಲೇ ಬರೆದಿಡುವ ಪ್ರಾಂಪ್ಟ್

ಪತ್ತೇದಾರಿ ಆಟಕ್ಕೆ ಇದೊಂದೇ ದಾರಿ. ಬರೀ "ಒಂದು ಕಳ್ಳತನದ ಆಟ ಆಡಿಸು" ಅಂದರೆ ಶುರುವಿನಲ್ಲಿ ಕಳ್ಳ ಯಾರು ಅಂತ ಎಐಗೂ ಗೊತ್ತಿರುವುದಿಲ್ಲ. ಅದು ಬರೆದದ್ದು ಬಿಟ್ಟರೆ ಬೇರೆ ಯಾವ ಗುಟ್ಟನ್ನೂ ಅದು ಹಾಗೆಲ್ಲ ಕಟ್ಟಿಟ್ಟುಕೊಂಡಿರುವುದಿಲ್ಲ. ನೀವು ಯಾರ ಮೇಲೆ ಅನುಮಾನ ಪಡುತ್ತೀರೋ ಕೊನೆಗೆ ಅವರೇ ಕಳ್ಳರಾಗುತ್ತಾರೆ.

ಹಾವೇರಿಯ ಗೆಳೆಯನಿಗೆ ನಾನು ಬರೆದುಕೊಟ್ಟದ್ದು ಬ್ಯಾಡಗಿ ಮಾರುಕಟ್ಟೆಯ ಕಥೆ. ಮೆಣಸಿನಕಾಯಿ ಚೀಲ ಅದಲು ಬದಲಾಗಿದೆ. ಬದಲಿಸಿದ್ದು ಯಾರು, ಯಾಕೆ ಅಂತ ಪ್ರಾಂಪ್ಟಿನ ಮೊದಲ ಎರಡು ಸಾಲಿನಲ್ಲೇ ಬರೆದೆ. ಆಮೇಲೆ ಮೂರು ಸುಳಿವು, ಪ್ರತಿಯೊಂದಕ್ಕೂ ಅದು ಸಿಗುವ ಜಾಗ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಆದ್ದರಿಂದ ಚೀಲ ಬಿಚ್ಚಿದ ಹಮಾಲನಿಗೆ ಕೆಮ್ಮು ಹತ್ತಿ ನಿಲ್ಲುವುದೇ ಇಲ್ಲ ಅನ್ನುವುದು ಮೊದಲ ಸುಳಿವು. "ಆಡುವವರು ಆ ಜಾಗಕ್ಕೆ ಹೋಗಿ ಅದನ್ನೇ ನೋಡಿದರೆ ಅಥವಾ ಕೇಳಿದರೆ ಮಾತ್ರ ಸುಳಿವು ಕೊಡು. ತಪ್ಪು ಊಹೆಗೆ ಹೌದು ಅನ್ನಬೇಡ" ಅಂತ ಸೇರಿಸಿದೆ. ಗೆಳೆಯನ ಹೆಂಡತಿ ಮನೆಯಲ್ಲಿ ಅಡುಗೆ ಮಾಡುವವರು. ಎರಡನೇ ಸರದಿಗೇ "ಬ್ಯಾಡಗಿ ಕಾಯಿಗೆ ಇಷ್ಟು ಘಾಟು ಎಲ್ಲಿಂದ ಬಂತು?" ಅಂತ ಹಿಡಿದುಬಿಟ್ಟರಂತೆ.

ಕೊರತೆ ಒಂದೇ. ಪ್ರಾಂಪ್ಟ್ ಬರೆದವರು ಆಡುವ ಹಾಗಿಲ್ಲ. ಒಬ್ಬರು ಬರೆಯಬೇಕು, ಇನ್ನೊಬ್ಬರು ಆಡಬೇಕು. ಒಬ್ಬರೇ ಆಡುವವರಿಗೆ ಇದು ಹೊಂದದು.

ಕನ್ನಡ ಹೇಗಿರಬೇಕು?

ಈ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಇರುವ ಯಾವ ಸಲಹೆಯೂ ಉಪಯೋಗಕ್ಕೆ ಬರುವುದಿಲ್ಲ. ನಾವೇ ಕಂಡುಕೊಳ್ಳಬೇಕು.

ಆಡುವವರನ್ನು ನೀನು ಅಥವಾ ನೀವು ಅಂತ ಕರೆದು ಹೇಳುವ ಕಥೆಗೆ ಕನ್ನಡ ಬಹಳ ಒಗ್ಗುತ್ತದೆ. "ಇಳಿಯುತ್ತೀ" ಅಂದರೆ ಹುಡುಗನಾ ಹುಡುಗಿಯಾ ಅಂತ ಹೇಳಬೇಕಾಗಿಲ್ಲ. ಯಾರು ಇಳಿದದ್ದು ಅಂತಲೂ ಕ್ರಿಯಾಪದವೇ ಹೇಳುತ್ತದೆ. ಆದರೆ ಎಐ ಪ್ರತಿ ವಾಕ್ಯವನ್ನೂ "ನೀವು" ಅಂತ ಶುರು ಮಾಡುತ್ತದೆ. ನೀವು ನೋಡುತ್ತೀರಿ, ನೀವು ಕೇಳುತ್ತೀರಿ, ನೀವು ನಿಮ್ಮ ಬೆನ್ನುಮೂಳೆಯಲ್ಲಿ ಚಳಿಯನ್ನು ಅನುಭವಿಸುತ್ತೀರಿ. ಯಾರು ಹಾಗೆ ಮಾತಾಡುತ್ತಾರೆ? ಒಂದು ಸರದಿಯಲ್ಲಿ ನೀನು, ಮುಂದಿನದರಲ್ಲಿ ನೀವು ಅಂತ ತೂಗುವುದೂ ಇದೆ. ಮಗುವಿಗೆ ನೀನು, ಹಿರಿಯರಿಗೆ ನೀವು, ಯಾವುದು ಅಂತ ಮೊದಲೇ ಬರೆದು ಕಟ್ಟಿಹಾಕಿ.

"ಸಹಜ ಕನ್ನಡದಲ್ಲಿ ಬರೆ" ಅಂದರೆ ಏನೂ ಆಗುವುದಿಲ್ಲ. ಒಂದು ಮಾದರಿ ತುಂಡನ್ನು ನೀವೇ ಬರೆದು ಕೊಡಿ. ಏಳೆಂಟು ಸಾಲು ಸಾಕು. ನಾನು ಕೊಟ್ಟದ್ದು ಹೀಗೆ ಶುರುವಾಗುತ್ತದೆ: "ಹೊತ್ತು ಇಳಿದಿದೆ. ಮೆಟ್ಟಿಲ ಕಲ್ಲು ಇನ್ನೂ ಬೆಚ್ಚಗಿದೆ. ಕೆಳಗೆ ಪಾಚಿ ನೀರು. ಪಾರಿವಾಳ ಒಂದು ಗೂಡಿನಿಂದ ಇನ್ನೊಂದಕ್ಕೆ ಹಾರಿತು." ಹತ್ತು ನಿಯಮ ಕೊಟ್ಟರೂ ಬರದ ಕನ್ನಡ ಈ ಮಾದರಿಯಿಂದ ಬಂತು. ನೋಡಿದ್ದನ್ನೇ ಎಐ ಅನುಸರಿಸುತ್ತದೆ.

ಧಾರವಾಡದ ಮಾತು ಬೇಕು ಅನ್ನೋರಿಗೆ ಒಂದು ಎಚ್ಚರಿಕೆ. "ಧಾರವಾಡ ಕನ್ನಡದಲ್ಲಿ ಹೇಳು" ಅಂತ ಬರೆದರೆ ಎರಡು ಪದಕ್ಕೊಮ್ಮೆ "ರೀ" ಸೇರಿಸಿ ಇಡುತ್ತದೆ. ಸಾಧನಕೇರಿಯಲ್ಲಿ ಹುಟ್ಟಿ ಬೆಳೆದವರು ಅದನ್ನು ಕೇಳಿದರೆ ಮನಸ್ಸಿಗೆ ನೋವಾಗುತ್ತದೆ. ಕಥೆಯ ನಡೆಯನ್ನು ಸರಳ ಬರಹದ ಕನ್ನಡದಲ್ಲೇ ಇಡಿಸಿ. ಪಾತ್ರಗಳ ಮಾತಿಗೆ ಮಾತ್ರ ನಾಲ್ಕಾರು ಮಾದರಿ ಸಾಲು ಕೊಡಿ. "ಯಾಕವ್ವಾ, ಇಷ್ಟೊತ್ತಿನ್ಯಾಗ ಇಲ್ಲೇನ್ ಮಾಡಾಕತ್ತಿ?", "ಕೆಳಗ ಇಳಿಬ್ಯಾಡ, ಮೆಟ್ಟಲಾ ಜಾರ್ತಾವ." ಹೀಗೆ. ಆಗಲೂ ಅಲ್ಲಲ್ಲಿ ತಪ್ಪುತ್ತದೆ, ಆದರೆ ಕೇಳುವ ಹಾಗಿರುತ್ತದೆ.

ಸೂಚನೆಯನ್ನು ಇಂಗ್ಲಿಷಿನಲ್ಲಿ ಬರೆದು ಕಥೆಯನ್ನು ಕನ್ನಡದಲ್ಲಿ ಕೇಳಬಹುದಾ? ಎರಡೂ ಮಾಡಿ ನೋಡಿದೆ. ನಿಯಮ ಪಾಲಿಸುವುದರಲ್ಲಿ ಇಂಗ್ಲಿಷ್ ಸ್ವಲ್ಪ ಮುಂದಿತ್ತು, ಮಾತಿನ ಹದದಲ್ಲಿ ಕನ್ನಡ ಬಹಳ ಮುಂದಿತ್ತು. ನಾನು ಕನ್ನಡವನ್ನೇ ಇಟ್ಟುಕೊಂಡೆ.

ಗೊತ್ತಿರುವ ಊರಾ, ಕಟ್ಟಿದ ಊರಾ?

ಗೊತ್ತಿರುವ ಊರೇ ಆಗಲಿ, ಆದರೆ ಊರಿನ ವಿವರ ನೀವೇ ಕೊಡಿ. ನಮ್ಮ ಮೊದಲ ಆಟದಲ್ಲಿ ಲಕ್ಕುಂಡಿಯ ಪಕ್ಕದಲ್ಲಿ ತುಂಗಭದ್ರೆ ಹರಿಯುತ್ತಿದ್ದಳು! ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ ಐದು ಸಾಲು ಬರೆದು ಸೇರಿಸಿದೆ: ಗದಗದಿಂದ ಸುಮಾರು 12 ಕಿಲೋಮೀಟರ್ ದೂರ, ಮುಸುಕಿನ ಬಾವಿ ಮಣಿಕೇಶ್ವರ ಗುಡಿಗೆ ಹತ್ತಿದಂತಿದೆ, ಮೆಟ್ಟಿಲ ನಡುವೆ ಪುಟ್ಟ ಗುಡಿಯಂಥ ಗೂಡುಗಳಿವೆ, ಅತ್ತಿಮಬ್ಬೆ ಕಟ್ಟಿಸಿದ ಬಸದಿ ಇದೇ ಊರಿನಲ್ಲಿದೆ, ಊರಿಗೆ ನೂರೊಂದು ಗುಡಿ ನೂರೊಂದು ಬಾವಿ ಅಂತ ಜನ ಹೇಳುತ್ತಾರೆ. "ಇಷ್ಟು ನಿಜ. ಇದನ್ನು ಮೀರಿದ್ದು ಕಥೆ. ಹೊಸ ರಾಜ, ಹೊಸ ಇಸವಿ ಹುಟ್ಟಿಸಬೇಡ" ಅಂತ ಕೊನೆಗೆ ಬರೆದೆ. ಇದು ಬಹಳ ಮುಖ್ಯ. ಆಟದಲ್ಲಿ ಕೇಳಿದ ಸುಳ್ಳು ಇತಿಹಾಸ ಮಗುವಿನ ತಲೆಯಲ್ಲಿ ಪಾಠದ ಹಾಗೆ ಕೂತುಬಿಡುತ್ತದೆ.

ಉದ್ದ ಆಟಕ್ಕೆ ಚೀಟಿ

ಯಾವ ಥರ ಆರಿಸಿದರೂ ಅರ್ಧ ಗಂಟೆ ದಾಟಿದ ಆಟಕ್ಕೆ ಚೀಟಿ ಬೇಕು. ಒಂದು ಸಲಕ್ಕೆ ಎಐ ಕಣ್ಣಿಗೆ ಬೀಳುವ ಬರಹಕ್ಕೆ ಒಂದು ಅಳತೆ ಇದೆ. ಅದನ್ನು ಟೋಕನ್ ಅನ್ನುವ ತುಂಡುಗಳಲ್ಲಿ ಲೆಕ್ಕ ಹಾಕುತ್ತಾರೆ. ಅದೇ ಮಾತು ಕನ್ನಡ ಲಿಪಿಯಲ್ಲಿ ಇದ್ದರೆ ಇಂಗ್ಲಿಷಿಗಿಂತ ಜಾಸ್ತಿ ತುಂಡಾಗುತ್ತದೆ. ಅಂದರೆ ಕನ್ನಡದ ಆಟ ಬೇಗ ತುಂಬುತ್ತದೆ. ಅಳತೆ ತುಂಬುವ ಮೊದಲೇ ಹಳೆಯ ವಿವರಗಳ ಮೇಲೆ ಅದರ ಗಮನ ಸಡಿಲವಾಗುವುದೂ ಉಂಟು. ನಮ್ಮ ಕಂದೀಲಿನ ಎಣ್ಣೆ ಮುಗಿದು ಹುಡುಗಿ ಕತ್ತಲಲ್ಲಿ ಗೋಡೆ ಮುಟ್ಟಿಕೊಂಡು ಬಂದಿದ್ದಳು. ಇಪ್ಪತ್ತು ಸರದಿ ಆದಮೇಲೆ ಅದೇ ಕಂದೀಲು ತಾನಾಗಿ ಉರಿಯುತ್ತಿತ್ತು. ಅಷ್ಟು ಕಷ್ಟಪಟ್ಟವಳಿಗೆ ಅದು ಅನ್ಯಾಯ ಅನಿಸಿತು. ನನಗೂ.

ಎರಡು ಉಪಾಯ ಇವೆ. ಹತ್ತು ಸರದಿಗೊಮ್ಮೆ "ಇಲ್ಲಿವರೆಗಿನ ಕಥೆ ಹೇಳು" ಅಂತ ಸಾರಾಂಶ ಕೇಳುವುದು ಒಂದು. ಪ್ರತಿ ಸರದಿಯ ಕೊನೆಗೆ ಜಾಗ, ಹೊತ್ತು, ಚೀಲದಲ್ಲಿ ಇರುವುದು, ಎದುರಿಗಿರುವವರು ಅಂತ ನಾಲ್ಕು ಸಾಲಿನ ಚೀಟಿ ಬರೆಸುವುದು ಇನ್ನೊಂದು. ಸಾರಾಂಶ ಓದಲು ಚೆಂದ, ಆದರೆ ಎಣ್ಣೆ, ಹಗ್ಗ, ರೊಟ್ಟಿಯಂಥ ಸಣ್ಣ ವಸ್ತುಗಳನ್ನು ನುಂಗಿಹಾಕುತ್ತದೆ. ಚೀಟಿ ಓದಲು ಬೇಸರ, ಆದರೆ ಕೊನೆಗೆ ಬರೆದ ಚೀಟಿ ಯಾವಾಗಲೂ ಹತ್ತಿರದಲ್ಲೇ ಇರುವುದರಿಂದ ಎಐ ಅದನ್ನು ತಪ್ಪಿಸುವುದು ಕಡಿಮೆ. ನನ್ನ ಮತ ಚೀಟಿಗೆ. ಆಟ ಬಹಳ ಉದ್ದ ಆಗಿ ಕಥೆ ಮಂಕಾದರೆ ಹೊಸ ಚಾಟ್ ತೆಗೆದು, ಅದೇ ಪ್ರಾಂಪ್ಟ್ ಹಾಕಿ, ಕೊನೆಯ ಚೀಟಿ ಅಂಟಿಸಿ ಮುಂದುವರಿಯಿರಿ.

ಮಕ್ಕಳ ಜೊತೆ ಆಡುವವರು ಇನ್ನೊಂದು ನೆನಪಿಡಿ. ಇಂಥ ಸೇವೆಗಳು ಕೆಲವು 13, ಕೆಲವು 18 ವರ್ಷದ ಕೆಳಗಿನವರಿಗೆ ಖಾತೆ ಕೊಡುವುದಿಲ್ಲ. ಫೋನು ನಿಮ್ಮ ಕೈಯಲ್ಲಿರಲಿ, ನೀವೇ ಗಟ್ಟಿಯಾಗಿ ಓದಿ ಹೇಳಿ. ಮಗುವಿನ ನಿಜವಾದ ಹೆಸರು, ಶಾಲೆ, ಓಣಿ ಕಥೆಗೆ ಬೇಡ.

ಹುಡುಗಿ ಹುಬ್ಬಳ್ಳಿಗೆ ವಾಪಸ್ ಹೋಗುವ ಹಿಂದಿನ ರಾತ್ರಿ ಆಟ ಮುಗಿದಿರಲಿಲ್ಲ. ಕೊನೆಯ ಚೀಟಿಯನ್ನು ತನ್ನ ನೋಟ್‌ಬುಕ್ಕಿನ ಹಿಂದಿನ ಹಾಳೆಗೆ ಬರೆದುಕೊಂಡಳು, ದಸರಾ ರಜೆಗೆ ಅಲ್ಲಿಂದಲೇ ಶುರು ಮಾಡಲು. ಜಾಗ: ಗುಡಿಯ ಕಟ್ಟೆ. ಹೊತ್ತು: ಸಂಜೆ. ಚೀಲದಲ್ಲಿ: ಹಗ್ಗ, ಒಂದು ರೊಟ್ಟಿ, ಎಣ್ಣೆ ಇಲ್ಲದ ಕಂದೀಲು. ಅಜ್ಜಿ: ಬಾವಿಯ ಕಡೆ ಇನ್ನೂ ನೋಡಿಲ್ಲ.